ಇಂಗ್ಲಿಷ್ ಲಾಯರ್ ನೋಟಿಸ್ ಬಂದಾಗ: ಎರಡರ್ಥದ ಮಾತುಗಳನ್ನು ಬಿಡಿಸಿಕೊಳ್ಳುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ತಾಲ್ಲೂಕು ಕಚೇರಿಯ ಹಿಂಬರಹವಾಗಲಿ ಪಂಚಾಯಿತಿಯ ನೋಟಿಸಾಗಲಿ ಕನ್ನಡದಲ್ಲೇ ಬರುತ್ತದೆ. ಇಂಗ್ಲಿಷ್ ಪತ್ರ ಬರುವುದು ಬೇರೆ ಕಡೆಗಳಿಂದ. ಬ್ಯಾಂಕಿನ ವಸೂಲಿ ವಿಭಾಗ, ವಿಮಾ ಕಂಪನಿ, ಬೆಂಗಳೂರಿನ ವಕೀಲರು, ಪಾವಗಡದ ಕಡೆ ಜಮೀನು ಗುತ್ತಿಗೆಗೆ ಪಡೆದ ಸೋಲಾರ್ ಕಂಪನಿ, ನರಸಾಪುರ ಅಥವಾ ವಸಂತನರಸಾಪುರದ ಕಾರ್ಖಾನೆಯ ಎಚ್‌ಆರ್ ವಿಭಾಗ, ಇಲ್ಲವೇ ಹೈಕೋರ್ಟಿನ ಆದೇಶ.

ಇಂಥ ಪತ್ರದಲ್ಲಿ ಜನ ಹೆದರುವುದು ಬಾಯಿಗೆ ಬಾರದ ಲ್ಯಾಟಿನ್ ಪದಗಳಿಗೆ. ಅವುಗಳಿಂದ ಆಗುವ ಕೆಡುಕು ಕಡಿಮೆ, ಏಕೆಂದರೆ ಗೊತ್ತಿಲ್ಲದ್ದನ್ನು ಯಾರನ್ನಾದರೂ ಕೇಳಿಯೇ ಕೇಳುತ್ತೇವೆ. ಕೈಕೊಡುವುದು ನಮಗೆ ಗೊತ್ತಿದೆ ಎನಿಸುವ ಮಾತುಗಳು: ವಿತಿನ್, ಬೈ, ಮಂತ್, ಸೆಟಲ್, ಅಕ್ನಾಲೆಡ್ಜ್. ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ತಮಗೆ ಅನುಕೂಲವಾದ ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ವಾಯಿದೆ ತಪ್ಪುವುದು ಅಲ್ಲಿಯೇ.

ಮೊದಲು ಕವರ್, ಆಮೇಲೆ ಕಾಗದ

ಕವರನ್ನು ಹರಿದು ಎಸೆಯಬೇಡಿ. ಕತ್ತರಿಯಲ್ಲಿ ಒಂದು ಅಂಚು ತೆಗೆದು, ಕವರಿನ ಮೇಲೇ ಕೈಗೆ ಸೇರಿದ ತಾರೀಕು, ಯಾರು ಸಹಿ ಮಾಡಿ ಪಡೆದರು ಎಂಬುದನ್ನು ಬರೆಯಿರಿ. ಅಂಚೆ ಲೇಬಲ್ ಮೇಲೆ 13 ಅಕ್ಷರ–ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದನ್ನು ಇಂಡಿಯಾ ಪೋಸ್ಟ್ ಜಾಲತಾಣದಲ್ಲಿ ಹಾಕಿ, ಬಟವಾಡೆಯಾದ ದಿನದ ಪುಟವನ್ನು ಅವತ್ತೇ ಪ್ರಿಂಟ್ ತೆಗೆದಿಡಿ. ತಿಂಗಳುಗಳು ಕಳೆದ ಮೇಲೆ ಆ ಮಾಹಿತಿ ಅಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ. ಪತ್ರದ ಮೇಲಿನ ತಾರೀಕು ಒಂದು, ಅಂಚೆಗೆ ಹಾಕಿದ್ದು ಇನ್ನೊಂದು, ಕೈಗೆ ಬಂದದ್ದು ಮತ್ತೊಂದು. ಈ ಮೂರರಲ್ಲಿ ಯಾವುದರಿಂದ ದಿನ ಎಣಿಸಬೇಕು ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಬಚಾವಾಗಬಹುದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಂದಾಯಿತ ಅಂಚೆ ಸಾಮಾನ್ಯವಾಗಿ ತಲುಪಬೇಕಾದ ಹೊತ್ತಿಗೆ ತಲುಪಿದೆ ಎಂದೇ 1897ರ ಜನರಲ್ ಕ್ಲಾಸಸ್ ಆಕ್ಟ್‌ನ 27ನೇ ಸೆಕ್ಷನ್ ಭಾವಿಸುತ್ತದೆ. ‘ಮನೆ ಬೀಗ’, ‘ನಿರಾಕರಿಸಿದರು’ ಎಂಬ ಷರಾ ಬರೆದು ಹಿಂತಿರುಗಿದ ಕವರಿಗೂ ಇದು ಅನ್ವಯಿಸುತ್ತದೆ. ಪತ್ರಗಳಲ್ಲಿ ಕಾಣುವ ‘ಡೀಮ್ಡ್ ಸರ್ವೀಸ್’ ಎಂದರೆ ಇದೇ. ತೆಗೆದುಕೊಳ್ಳದಿದ್ದರೆ ನಷ್ಟ ನಿಮ್ಮದೇ: ಒಳಗೇನಿದೆ ಎಂದು ತಿಳಿಯುವುದಿಲ್ಲ, ದಿನ ಮಾತ್ರ ಓಡುತ್ತಿರುತ್ತದೆ.

ಓದುವಾಗ ಪೆನ್ಸಿಲ್ ಹಿಡಿದು ನಾಲ್ಕಕ್ಕೆ ಗೆರೆ ಎಳೆಯಿರಿ. ಯಾರು ಮಾಡಬೇಕು, ಏನು ಮಾಡಬೇಕು, ಯಾವಾಗಿನೊಳಗೆ, ಮಾಡದಿದ್ದರೆ ಏನು. ಸಾಮಾನ್ಯವಾಗಿ ಇವು ಕೊನೆಯ ಎರಡು ಪ್ಯಾರಾಗಳಲ್ಲಿ, ‘ವಿ ಹಿಯರ್‌ಬೈ ಕಾಲ್ ಅಪಾನ್ ಯು’ (ಈ ಮೂಲಕ ನಿಮಗೆ ಸೂಚಿಸುತ್ತೇವೆ) ಎಂದು ಶುರುವಾಗುವಲ್ಲಿ ಸಿಗುತ್ತವೆ. ಅದಕ್ಕೂ ಮೊದಲಿನ ಪುಟಗಳು ಅವರ ಕಕ್ಷಿದಾರರು ಹೇಳಿಕೊಂಡ ಕಥೆ. ಸತ್ಯವೋ ಸುಳ್ಳೋ ಆಮೇಲೆ ನೋಡಬಹುದು.

ದಿನ ಎಣಿಸುವ ಕಡೆಯೇ ಹೆಚ್ಚು ಪೆಟ್ಟು

‘ವಿತಿನ್ 15 ಡೇಸ್ ಆಫ್ ರಿಸೀಟ್’ ಎಂದರೆ ಕೈಗೆ ಸೇರಿದ ದಿನವನ್ನು ಬಿಟ್ಟು ಮಾರನೇ ದಿನದಿಂದ ಎಣಿಕೆ. ಜೂನ್ 10ಕ್ಕೆ ಬಂದರೆ 11 ಮೊದಲ ದಿನ, 25 ಕೊನೆಯ ದಿನ. ‘ಫ್ರಂ ದಿ ಡೇಟ್ ಆಫ್ ದಿಸ್ ನೋಟಿಸ್’ ಎಂದಿದ್ದರೆ ಲೆಕ್ಕವೇ ಬೇರೆ. ಜೂನ್ 1ರ ತಾರೀಕಿನ ಪತ್ರ 8ಕ್ಕೆ ಕೈಸೇರಿತು ಎನ್ನಿ. ಪತ್ರದ ದಿನದಿಂದ ಎಣಿಸಿದರೆ ಗಡುವು 16, ಕೈಗೆ ಬಂದ ದಿನದಿಂದ ಎಣಿಸಿದರೆ 23. ಒಂದೇ ಪತ್ರದ ಎರಡು ಪ್ಯಾರಾಗಳಲ್ಲಿ ಎರಡೂ ಬಗೆಯ ಮಾತು ಇರುವುದು ಅಪರೂಪವೇನಲ್ಲ. ಹಳೆಯ ನಮೂನೆಯಿಂದ ನಕಲು ತೆಗೆದಾಗ ಹಾಗಾಗುತ್ತದೆ. ಆಗ ಮುಂಚಿನ ತಾರೀಕನ್ನೇ ಗಡುವೆಂದು ಇಟ್ಟುಕೊಂಡು ಕೆಲಸ ಮಾಡಿ, ತಡವಾದ ತಾರೀಕನ್ನು ವಾದಕ್ಕೆ ಉಳಿಸಿಕೊಳ್ಳಿ.

‘ಬಿಫೋರ್ 25ತ್’ ಎಂದರೆ 24ರೊಳಗೆ. ‘ಆನ್ ಆರ್ ಬಿಫೋರ್ 25ತ್’ ಎಂದರೆ 25 ಸೇರಿ. ‘ಬೈ 25ತ್’ ಎಂಬುದನ್ನು ಸಾಮಾನ್ಯವಾಗಿ 25 ಸೇರಿ ಎಂದೇ ಓದುತ್ತಾರೆ, ಆದರೂ ಹಣ ಕಟ್ಟುವ ವಿಚಾರವಾದರೆ 24ಕ್ಕೇ ಮುಗಿಸಿ. ಕೊನೆಯ ಗಳಿಗೆಯಲ್ಲಿ ಹಾಕಿದ ಹಣ ಮಾರನೇ ದಿನ ಜಮೆಯಾಗಿ, ಗಡುವು ಮೀರಿದೆ ಎಂದು ರಿಯಾಯಿತಿ ಕೈತಪ್ಪುವ ಭಯ ಇರುವುದಿಲ್ಲ. ‘ಕ್ಲಿಯರ್ ಡೇಸ್’ ಎಂದಿದ್ದರೆ ಶುರುವಿನ ದಿನ, ಕೊನೆಯ ದಿನ ಎರಡನ್ನೂ ಬಿಟ್ಟು ನಡುವಿನ ದಿನಗಳಷ್ಟೇ. ‘ವರ್ಕಿಂಗ್ ಡೇಸ್’ ಎಂದಾಗ ಯಾರ ಕೆಲಸದ ದಿನ ಎಂದು ಕೇಳಬೇಕು. ಕಂಪನಿಗೆ ಶನಿವಾರ ರಜೆ ಇರಬಹುದು, ಬ್ಯಾಂಕಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ.

ತಿಂಗಳೂ 30 ದಿನವೂ ಒಂದೇ ಅಲ್ಲ. ಕಾನೂನಿನಲ್ಲಿ ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು. ಜುಲೈ 5ರಿಂದ ಎರಡು ತಿಂಗಳು ಸೆಪ್ಟೆಂಬರ್ 5ಕ್ಕೆ ಮುಗಿದರೆ, 60 ದಿನ ಸೆಪ್ಟೆಂಬರ್ 3ಕ್ಕೇ ಮುಗಿಯುತ್ತದೆ. ಇನ್ನು ‘05/06’ ಎಂಬ ತಾರೀಕು. ನಮಗೆ ಅದು ಜೂನ್ 5. ಅಮೆರಿಕದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯ ಸಾಫ್ಟ್‌ವೇರ್ ಮುದ್ರಿಸಿದ್ದಾದರೆ ಮೇ 6 ಇರಬಹುದು. ಅದೇ ಪತ್ರದಲ್ಲಿ 12ಕ್ಕಿಂತ ದೊಡ್ಡ ಅಂಕಿ ಇರುವ ಇನ್ನೊಂದು ತಾರೀಕು ಹುಡುಕಿ. ಅದು ಯಾವ ಕ್ರಮದಲ್ಲಿದೆ ಎಂಬುದರಿಂದ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಒಂದು ಮುಖ್ಯ ಪ್ರಶ್ನೆ ಉಳಿಯುತ್ತದೆ: ಈ ಗಡುವು ಕಾನೂನಿನದೋ, ಬರೆದವರದೋ? ಭಾಗದ ಜಮೀನಿನ ತಕರಾರಿನಲ್ಲಿ ಎದುರು ವಕೀಲರು 7 ದಿನ ಕೊಟ್ಟರೆ ಅದು ಅವರು ಇಟ್ಟ ಗಡುವು. ಮೀರಿದರೆ ಅವರು ದಾವೆ ಹೂಡಬಹುದು, ನಿಮ್ಮ ಹಕ್ಕೇನೂ ಅಷ್ಟಕ್ಕೇ ಹೋಗುವುದಿಲ್ಲ. ಕಾನೂನಿನ ಗಡುವು ಹಾಗಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಕೊಂಡು ಕೊಟ್ಟ ಚೆಕ್ ಬೌನ್ಸ್ ಆಗಿ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನ 138ನೇ ಸೆಕ್ಷನ್ ಕೆಳಗೆ ನೋಟಿಸ್ ಬಂದಿದ್ದರೆ, ಕೈಸೇರಿದ 15 ದಿನದೊಳಗೆ ಹಣ ಕೊಡಬೇಕು. ನೋಟಿಸಿನಲ್ಲಿ 7 ದಿನ ಎಂದು ಬರೆದಿದ್ದರೂ ಕಾನೂನು ಕೊಟ್ಟ 15 ದಿನ ನಿಮ್ಮದೇ. ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬಂದರೆ ಬಾಕಿ ತೀರಿಸಲು 60 ದಿನ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಮೀನು ಸ್ವಾಧೀನದ 28(2) ನೋಟಿಸಿಗೆ ಆಕ್ಷೇಪಣೆ ಸಲ್ಲಿಸಲು 30 ದಿನ. ಸಿವಿಲ್ ದಾವೆಯ ಸಮನ್ಸ್ ಬಂದರೆ ತಕರಾರು ಅರ್ಜಿಗೆ 30 ದಿನ, ಕಾರಣ ತೋರಿಸಿದರೆ ನ್ಯಾಯಾಲಯ 90 ದಿನದವರೆಗೆ ಕೊಡಬಹುದು. ಪತ್ರದಲ್ಲಿ ಸೆಕ್ಷನ್ ಸಂಖ್ಯೆ ಕಂಡರೆ ಅದಕ್ಕೆ ಎರಡು ಗೆರೆ ಎಳೆಯಿರಿ. ನೋಟಿಸಿನ ನಿಜವಾದ ತೂಕ ಆ ಸಂಖ್ಯೆಯಲ್ಲಿದೆ.

ಗೊತ್ತಿದೆ ಎನಿಸುವ ಪದಗಳು

‘ವಿತೌಟ್ ಪ್ರೆಜುಡಿಸ್’. ಫೋನಿನ ಅನುವಾದ ಇದನ್ನು ‘ಪೂರ್ವಗ್ರಹವಿಲ್ಲದೆ’ ಎಂದು ಕೊಟ್ಟರೆ ನಂಬಬೇಡಿ. ‘ನಮ್ಮ ಹಕ್ಕುಗಳಿಗೆ ಧಕ್ಕೆ ಬಾರದಂತೆ’ ಎಂಬುದು ಸರಿಯಾದ ಅರ್ಥ. ಇದು ಎರಡು ಕಡೆ ಎರಡು ಕೆಲಸ ಮಾಡುತ್ತದೆ. ರಾಜಿ ಮಾತುಕತೆಯ ಪತ್ರದ ತಲೆಯ ಮೇಲಿದ್ದರೆ, ‘ಇದರಲ್ಲಿ ನಾವು ಬಿಟ್ಟುಕೊಡಲು ಒಪ್ಪಿದ್ದನ್ನು ನಾಳೆ ನ್ಯಾಯಾಲಯದಲ್ಲಿ ನಮ್ಮ ಒಪ್ಪಿಗೆ ಎಂದು ತೋರಿಸಬಾರದು’ ಎಂದು. ವಾಕ್ಯದ ನಡುವೆ, ಇಂಥ ಹಕ್ಕಿಗೆ ಪ್ರೆಜುಡಿಸ್ ಇಲ್ಲದೆ ಎಂದು ಬಂದರೆ, ‘ಇದನ್ನು ಮಾಡಿದ ಮಾತ್ರಕ್ಕೆ ಆ ಹಕ್ಕು ಬಿಟ್ಟೆವೆಂದಲ್ಲ’ ಎಂದು. ಉದಾಹರಣೆಗೆ ಬ್ಯಾಂಕ್ ನಿಮ್ಮಿಂದ 50,000 ಪಡೆದು, ಹೀಗೆ ಬರೆದ ರಸೀದಿ ಕೊಟ್ಟರೆ ಹರಾಜು ನಿಂತಿದೆ ಎಂದು ತಿಳಿಯಬೇಡಿ. ಹರಾಜು ನಿಲ್ಲಿಸಲಾಗಿದೆ ಎಂಬ ಮಾತು ಪತ್ರದಲ್ಲಿ ಪ್ರತ್ಯೇಕವಾಗಿ ಇರಬೇಕು.

‘ಅಕ್ನಾಲೆಡ್ಜ್’ ಪದಕ್ಕೆ ತುಂಬ ಎಚ್ಚರ ಬೇಕು. ‘ಅಕ್ನಾಲೆಡ್ಜ್ ರಿಸೀಟ್’ ಎಂದರೆ ಪತ್ರ ತಲುಪಿತು ಎಂದು ಸಹಿ ಮಾಡುವುದು, ಅಷ್ಟೇ. ‘ಅಕ್ನಾಲೆಡ್ಜ್ ದಿ ಡೆಟ್’ ಅಥವಾ ‘ಕನ್‌ಫರ್ಮ್ ದಿ ಬ್ಯಾಲೆನ್ಸ್’ ಎಂದರೆ ಸಾಲ ಇದೆ ಎಂದು ಬರೆದುಕೊಡುವುದು. ಕೈಸಾಲದಂಥ ಸಾಲಗಳ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ವಾಯಿದೆ. ಆ ವಾಯಿದೆ ಮುಗಿಯುವ ಮೊದಲು ಇಂಥ ಕಾಗದಕ್ಕೆ ಸಹಿ ಬಿದ್ದರೆ, 1963ರ ಲಿಮಿಟೇಷನ್ ಆಕ್ಟ್‌ನ 18ನೇ ಸೆಕ್ಷನ್ ಪ್ರಕಾರ ಸಹಿ ಮಾಡಿದ ದಿನದಿಂದ ವಾಯಿದೆ ಹೊಸದಾಗಿ ಶುರು. ವಸೂಲಿಗೆ ಬಂದವರು ‘ಬರೀ ಅಕ್ನಾಲೆಡ್ಜ್‌ಮೆಂಟ್ ಸಾರ್, ಇಲ್ಲೊಂದು ಸಹಿ’ ಎಂದಾಗ ಮೇಲಿನ ಸಾಲು ಓದಿ. ಅದರಲ್ಲಿ ಮೊತ್ತ ಇದ್ದರೆ ಅದು ಬರೀ ರಸೀದಿಯಲ್ಲ. ನಿಮ್ಮ ಉತ್ತರದಲ್ಲಿ ‘ಮಳೆ ಆದ ಮೇಲೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ’ ಎಂದು ಒಳ್ಳೆಯ ಮನಸ್ಸಿನಿಂದ ಬರೆದ ಸಾಲಿಗೂ ಇದೇ ಪರಿಣಾಮ ಇರುತ್ತದೆ.

‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಎಂಬುದಕ್ಕೆ ಸಹಿ ಮಾಡಿದರೆ ಉಳಿದ ಹಣ ಕೇಳುವುದು ಬಹಳ ಕಷ್ಟ. ಬೆಳೆ, ವಾಹನ, ಅಂಗಡಿ ವಿಮೆಯ ಡಿಸ್‌ಚಾರ್ಜ್ ವೋಚರ್‌ಗಳಲ್ಲಿ ಈ ಮಾತು ಮೊದಲೇ ಅಚ್ಚಾಗಿರುತ್ತದೆ. ಮೊತ್ತಕ್ಕೆ ಒಪ್ಪಿಗೆ ಇಲ್ಲದಿದ್ದರೆ ಸಹಿಗೆ ಮೊದಲೇ ವಿಮಾ ಕಂಪನಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಜಮೀನು ಸ್ವಾಧೀನದ ಪರಿಹಾರದಲ್ಲಂತೂ ‘ಅಂಡರ್ ಪ್ರೊಟೆಸ್ಟ್’ ಎಂಬ ಎರಡೇ ಪದಗಳ ಬೆಲೆ ದೊಡ್ಡದು. ಅದರ ಅರ್ಥ ಧರಣಿ, ಪ್ರತಿಭಟನೆ ಅಲ್ಲ. ‘ಆಕ್ಷೇಪಣೆ ಉಳಿಸಿಕೊಂಡು ಹಣ ಪಡೆದಿದ್ದೇನೆ’ ಎಂದು. ಹಾಗೆ ಬರೆಯದೆ ಪರಿಹಾರ ಪಡೆದವರು ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಕಳಿಸಿಕೊಡಿ ಎಂದು ಕೇಳುವಂತಿಲ್ಲ ಎಂದು 1894ರ ಹಳೆಯ ಸ್ವಾಧೀನ ಕಾಯ್ದೆಯೂ 2013ರ ಹೊಸ ಕಾಯ್ದೆಯೂ ಹೇಳುತ್ತವೆ. ವೋಚರ್ ಮೇಲೆ, ಸಹಿಯ ಮೇಲ್ಗಡೆ, ಕನ್ನಡದಲ್ಲೇ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಅದರ ಫೋಟೊ ತೆಗೆದುಕೊಳ್ಳಿ.

ಇನ್ನು ಕೆಲವು ಪದಗಳಿಗೆ ದಿನಬಳಕೆಯ ಅರ್ಥವನ್ನು ಮರೆತೇ ಓದಬೇಕು. ‘ಲೀಸ್ ಸ್ಟಾಂಡ್ಸ್ ಡಿಟರ್ಮಿನ್ಡ್’ ಎಂದರೆ ಗುತ್ತಿಗೆ ಮುಗಿಸಲಾಗಿದೆ ಎಂದು; ನಿರ್ಧರಿಸಲಾಗಿದೆ ಎಂದಲ್ಲ. ‘ಡಿಮೈಸ್ಡ್ ಪ್ರಿಮೈಸಸ್’ ಎಂದರೆ ಬಾಡಿಗೆಗೆ ಕೊಟ್ಟ ಜಾಗ, ಯಾರ ಸಾವೂ ಅಲ್ಲಿಲ್ಲ. ‘ಕನ್ಸಿಡರೇಷನ್’ ಎಂದರೆ ಪ್ರತಿಫಲ, ಕ್ರಯದ ಹಣ. ಕ್ರಯಪತ್ರವನ್ನು ‘ಎಕ್ಸಿಕ್ಯೂಟ್’ ಮಾಡುವುದೆಂದರೆ ಸಹಿ ಹಾಕಿ ಬರೆದುಕೊಡುವುದು; ಡಿಕ್ರಿಯನ್ನು ಎಕ್ಸಿಕ್ಯೂಟ್ ಮಾಡುವುದೆಂದರೆ ಅಮಲ್ಜಾರಿ. ವಂಶವೃಕ್ಷದ ಮಾತು ಬಂದಾಗ ‘ಇಶ್ಯೂ’ ಎಂದರೆ ಮಕ್ಕಳು. ದಾವೆಯಲ್ಲಿ ‘ಇಶ್ಯೂಸ್’ ಎಂದರೆ ವಿವಾದಾಂಶಗಳು.

‘ಸಿಂಬಾಲಿಕ್ ಪೊಸೆಷನ್’, ಅಂದರೆ ಕಾಗದದ ಮೇಲಷ್ಟೇ ಸ್ವಾಧೀನ ಪಡೆದ ನೋಟಿಸನ್ನು ಬ್ಯಾಂಕಿನವರು ಮನೆಯ ಗೋಡೆಗೆ ಅಂಟಿಸಿ ಹೋಗುತ್ತಾರೆ. ಮನೆಯಲ್ಲಿ ನೀವೇ ಇರುತ್ತೀರಿ, ಬೀಗವೂ ನಿಮ್ಮದೇ, ಹಾಗಾಗಿ ಏನೂ ಆಗಿಲ್ಲ ಎನಿಸುತ್ತದೆ. ಆದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಸರ್ಫೇಸಿ 17ನೇ ಸೆಕ್ಷನ್ ಕೊಡುವ 45 ದಿನಗಳನ್ನು ಲೆಕ್ಕ ಹಾಕಲು ಇಲ್ಲಿಂದಲೇ ಶುರುಮಾಡಿ. ಈ ಹಂತದಲ್ಲೇ ಮಂಡಳಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಅಡವಿಟ್ಟದ್ದು ಕೃಷಿ ಜಮೀನಾದರೆ ಸರ್ಫೇಸಿ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಪಹಣಿ ತೆಗೆದುಕೊಂಡು ಹೋಗಿ ಮೊದಲು ಆ ಮಾತು ಎತ್ತಿ.

ಜಾಮೀನು ಹಾಕಿದವರಿಗೆ

‘ಜಾಯಿಂಟ್ಲಿ ಅಂಡ್ ಸೆವೆರಲಿ’ ಎಂಬ ಮಾತು ಟ್ರಾಕ್ಟರ್ ಸಾಲ, ಮನೆ ಸಾಲಗಳ ಪ್ರತಿ ನೋಟಿಸಿನಲ್ಲೂ ಇರುತ್ತದೆ. ಮೂವರು ಸೇರಿ 6 ಲಕ್ಷಕ್ಕೆ ಸಹಿ ಹಾಕಿದ್ದರೆ ತಲಾ 2 ಲಕ್ಷ ಕೊಟ್ಟರೆ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಬ್ಯಾಂಕ್ ಆ ಮೂವರಲ್ಲಿ ಯಾರಿಂದ ಬೇಕಾದರೂ ಪೂರ್ತಿ 6 ಲಕ್ಷ ಕೇಳಬಹುದು. ಸಾಲಗಾರನನ್ನು ಮೊದಲು ಹಿಡಿಯಿರಿ ಎಂಬ ವಾದವೂ ನಡೆಯುವುದಿಲ್ಲ. ಕಾಂಟ್ರಾಕ್ಟ್ ಆಕ್ಟ್‌ನ 128ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬೇರೆ ಬಗೆಯಾಗಿ ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಪೂರ್ತಿ ಕಟ್ಟಿದವರು ಆಮೇಲೆ ಸಾಲಗಾರನಿಂದ ವಸೂಲು ಮಾಡಬಹುದು, ಜೊತೆಯ ಜಾಮೀನುದಾರರಿಂದ ಅವರ ಪಾಲು ಕೇಳಬಹುದು. ಅದು ನಿಮ್ಮ ನಿಮ್ಮ ನಡುವಿನ ವ್ಯವಹಾರ, ಬ್ಯಾಂಕಿಗೆ ಸಂಬಂಧವಿಲ್ಲ.

ವಾಕ್ಯದ ಕಟ್ಟಿನಿಂದ ಹುಟ್ಟುವ ಗೊಂದಲ

ಇಂಗ್ಲಿಷಿನಲ್ಲಿ ವಿಶೇಷಣದ ಮಾತು ಎಷ್ಟೋ ಸಲ ಹೆಸರಿನ ನಂತರ ಬರುತ್ತದೆ, ಆಗ ಅದು ಯಾವುದಕ್ಕೆ ಅಂಟಿದೆ ಎಂದು ತಿಳಿಯುವುದಿಲ್ಲ. ‘ಲ್ಯಾಂಡ್ಸ್ ಅಂಡ್ ಸೈಟ್ಸ್ ಸಿಚುಯೇಟೆಡ್ ವಿತಿನ್ ಟೌನ್ ಲಿಮಿಟ್ಸ್’ ಎಂದಾಗ ಪಟ್ಟಣದ ಮಿತಿಯೊಳಗೆ ಇರಬೇಕಾದದ್ದು ನಿವೇಶನ ಮಾತ್ರವೋ, ಜಮೀನು ಕೂಡವೋ? ಕನ್ನಡಕ್ಕೆ ತರುವಾಗ ‘ಪಟ್ಟಣದ ಮಿತಿಯೊಳಗಿನ ನಿವೇಶನಗಳು ಮತ್ತು ಜಮೀನುಗಳು’ ಎಂದು ಬರೆದರೆ ಅನುವಾದಕರೇ ಒಂದು ತೀರ್ಪು ಕೊಟ್ಟಂತಾಯಿತು, ಮೂಲದ ಗೊಂದಲ ಮುಚ್ಚಿಹೋಯಿತು. ಆದ್ದರಿಂದ ಯಾರಿಂದಲಾದರೂ ಅನುವಾದ ಮಾಡಿಸಿದರೆ ‘ಎರಡರ್ಥ ಬರುವ ಕಡೆ ಎರಡನ್ನೂ ಬರೆಯಿರಿ’ ಎಂದು ಹೇಳಿ.

‘ಸಬ್ಜೆಕ್ಟ್ ಟು’ ಮತ್ತು ‘ನಾಟ್‌ವಿತ್‌ಸ್ಟಾಂಡಿಂಗ್’ ಒಂದಕ್ಕೊಂದು ತದ್ವಿರುದ್ಧ. 4ನೇ ಷರತ್ತು ‘ಸಬ್ಜೆಕ್ಟ್ ಟು ಕ್ಲಾಸ್ 9’ ಎಂದರೆ 9 ಮೇಲುಗೈ. ‘ನಾಟ್‌ವಿತ್‌ಸ್ಟಾಂಡಿಂಗ್ ಕ್ಲಾಸ್ 9’ ಎಂದರೆ 9ರಲ್ಲಿ ಏನೇ ಇರಲಿ, 4 ಮೇಲುಗೈ. ಇವುಗಳನ್ನು ಕಂಡಾಗ ಆ ಇನ್ನೊಂದು ಷರತ್ತನ್ನು ತೆರೆದು ಓದದೆ ಮುಂದೆ ಹೋಗಬೇಡಿ.

ಅಂಕಿಗಳಲ್ಲೂ ಇದೇ ತೊಡಕು. ಗುತ್ತಿಗೆ ಪತ್ರದಲ್ಲಿ ‘2.20 ಏಕರ್ಸ್’ ಎಂದಿದೆ ಎನ್ನಿ. ಊರಿನ ಲೆಕ್ಕದಲ್ಲಿ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಬೆಂಗಳೂರಿನ ಕಚೇರಿಯ ಎಕ್ಸೆಲ್ ಹಾಳೆಯಲ್ಲಿ ಅದು ದಶಮಾಂಶ, ಅಂದರೆ 2 ಎಕರೆ 8 ಗುಂಟೆ. ವ್ಯತ್ಯಾಸ 12 ಗುಂಟೆ. ಬಾಡಿಗೆ ಎಕರೆಗೆ ವರ್ಷಕ್ಕೆ 20,000 ಆದರೆ ವರ್ಷಕ್ಕೆ 6,000 ರೂಪಾಯಿ ಕಡಿಮೆ ಬರುತ್ತದೆ. ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಅಕ್ಷರದಲ್ಲಿ ಬರೆಸಿ, ಖರಾಬು ಸೇರಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ. ಹಾಗೆಯೇ ‘ಎರಡು ವರ್ಷಕ್ಕೊಮ್ಮೆ 5% ಎನ್‌ಹಾನ್ಸ್‌ಮೆಂಟ್’ ಎಂದರೆ ಮೂಲ ಬಾಡಿಗೆಯ ಮೇಲೋ, ಆಗ ನಡೆಯುತ್ತಿರುವ ಬಾಡಿಗೆಯ ಮೇಲೋ? 20,000ಕ್ಕೆ ಹತ್ತು ಬಾರಿ ಏರಿಕೆಯಾದರೆ ಮೊದಲ ಲೆಕ್ಕದಲ್ಲಿ 30,000, ಎರಡನೆಯದರಲ್ಲಿ ಸುಮಾರು 32,578. ಜೊತೆಗೆ ಆ ಎರಡು ವರ್ಷ ಎಣಿಸುವುದು ಸಹಿಯ ದಿನದಿಂದಲೋ, ಜಮೀನು ಬಿಟ್ಟುಕೊಟ್ಟ ದಿನದಿಂದಲೋ ಎಂಬುದೂ ಪತ್ರದಲ್ಲಿ ಇರಬೇಕು.

ಬೆದರಿಕೆಯ ಸಾಲು, ತಣ್ಣಗಿನ ಸಾಲು

‘ಕನ್‌ಸ್ಟ್ರೇನ್ಡ್ ಟು ಇನಿಷಿಯೇಟ್ ಸಿವಿಲ್ ಅಂಡ್ ಕ್ರಿಮಿನಲ್ ಪ್ರೊಸೀಡಿಂಗ್ಸ್ ಅಟ್ ಯುವರ್ ರಿಸ್ಕ್ ಆಸ್ ಟು ಕಾಸ್ಟ್ಸ್ ಅಂಡ್ ಕಾನ್ಸಿಕ್ವೆನ್ಸಸ್’ ಎಂಬುದು ನೋಟಿಸುಗಳ ವಾಡಿಕೆಯ ಮುಕ್ತಾಯ. ಪೊಲೀಸರು ಹೊರಟಿದ್ದಾರೆ ಎಂದು ಇದರರ್ಥವಲ್ಲ. ದಾವೆ ಹೂಡಬೇಕಾಗುತ್ತದೆ, ಖರ್ಚೂ ನಿಮ್ಮಿಂದಲೇ ಕೇಳುತ್ತೇವೆ ಎಂದಷ್ಟೇ. ಇದಕ್ಕಿಂತ ಜಾಗ್ರತೆ ಬೇಕಾದ್ದು ಕಚೇರಿಗಳ ತಣ್ಣಗಿನ ಉತ್ತರಗಳಿಗೆ. ‘ನೋಟೆಡ್’ ಎಂದರೆ ಗಮನಿಸಿದ್ದೇವೆ ಎಂದಷ್ಟೇ; ಒಪ್ಪಿದ್ದೇವೆ ಎಂದಲ್ಲ. ‘ಅಂಡರ್ ಕನ್ಸಿಡರೇಷನ್’ ಎಂದರೆ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಗಡುವು ನಿಂತಿಲ್ಲ. ಒನ್ ಟೈಮ್ ಸೆಟಲ್‌ಮೆಂಟಿಗೆ (ಒಂದೇ ಬಾರಿಗೆ ಸಾಲ ಚುಕ್ತಾ ಮಾಡುವುದಕ್ಕೆ) ‘ಇನ್ ಪ್ರಿನ್ಸಿಪಲ್ ಅಪ್ರೂವಲ್’ (ತಾತ್ವಿಕ ಒಪ್ಪಿಗೆ) ಬಂದಿದೆ ಎಂದು ಎಮ್ಮೆ ಮಾರಿ ಹಣ ಹೊಂದಿಸುವ ಮೊದಲು ಅಂತಿಮ ಮಂಜೂರಾತಿ ಪತ್ರ ಕೇಳಿ.

ನ್ಯಾಯಾಲಯದ ಆದೇಶಗಳಲ್ಲಿ ‘ಡಿಸ್ಪೋಸ್ಡ್ ಆಫ್’ ಎಂದರೆ ಪ್ರಕರಣ ಮುಗಿಯಿತು. ಗೆದ್ದವರು ಯಾರೆಂದು ಆ ಪದ ಹೇಳುವುದಿಲ್ಲ, ಆದೇಶದ ಕೊನೆಯ ಪ್ಯಾರಾ ಓದಬೇಕು. ‘ಡಿಸ್ಮಿಸ್ಡ್ ಫಾರ್ ಡಿಫಾಲ್ಟ್’ ಎಂದರೆ ಹಾಜರಾಗದ ಕಾರಣ ವಜಾ. ಮತ್ತೆ ತೆರೆಸಲು ಅರ್ಜಿಗೆ 30 ದಿನ. ‘ಸ್ಟೇಟಸ್ ಕೋ’ ಎಂದಷ್ಟೇ ಇದ್ದರೆ ಯಥಾಸ್ಥಿತಿ ಯಾವುದರದ್ದು, ಸ್ವಾಧೀನದ್ದೋ ಖಾತೆಯದ್ದೋ ಎಂದು ಎರಡೂ ಕಡೆಯವರು ಜಗಳ ತೆಗೆಯುತ್ತಾರೆ. ಸ್ಪಷ್ಟಪಡಿಸಿ ಎಂದು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿಸುವುದು ಜಮೀನಿನಲ್ಲಿ ಕೈ ಕೈ ಮಿಲಾಯಿಸುವುದಕ್ಕಿಂತ ಅಗ್ಗ.

ಅರ್ಥವಾಗದಿದ್ದರೆ ಬರೆದು ಕೇಳಿ

ನಿಮ್ಮ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ, ಆದ್ದರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಹೀಗೆ ಕಳಿಸಿ: ‘ತಮ್ಮ ದಿನಾಂಕ ಇಂಥದ್ದರ ನೋಟಿಸಿನ 6ನೇ ಪ್ಯಾರಾದಲ್ಲಿ ಹೀಗೆಂದಿದೆ. ಇದರ ಅರ್ಥ ಮೂಲ ಬಾಡಿಗೆಯ ಮೇಲಿನ ಏರಿಕೆಯೋ, ಚಾಲ್ತಿ ಬಾಡಿಗೆಯ ಮೇಲಿನ ಏರಿಕೆಯೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಈ ಪತ್ರದಲ್ಲಿ ಯಾವುದೇ ಹೊಣೆಯನ್ನಾಗಲಿ ಬಾಕಿಯನ್ನಾಗಲಿ ಒಪ್ಪಿಕೊಂಡಿಲ್ಲ. ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಬರೆದಿದ್ದೇನೆ.’ ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಪ್ರಶ್ನೆ ಕೇಳಿದ್ದರಿಂದ ಕಾನೂನಿನ ಗಡುವು ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಒಂದು ಕಡೆ ಕೇಳುತ್ತಲೇ ಇನ್ನೊಂದು ಕಡೆ ಉತ್ತರ ತಯಾರಿಸಿ. ವಿಮಾ ಪಾಲಿಸಿಯ ಷರತ್ತು ನಿಜಕ್ಕೂ ಎರಡರ್ಥ ಕೊಡುತ್ತಿದ್ದರೆ, ಅದನ್ನು ಬರೆದ ಕಂಪನಿಯ ವಿರುದ್ಧವಾಗಿ, ಪಾಲಿಸಿದಾರರ ಪರವಾಗಿ ಓದುವ ಕ್ರಮ ನ್ಯಾಯಾಲಯಗಳಲ್ಲಿದೆ. ಹಾಗಾಗಿ ಕಂಪನಿ ಹೇಳಿದ ಅರ್ಥವೇ ಕೊನೆಯೆಂದು ಒಪ್ಪಬೇಕಿಲ್ಲ.

ವಕೀಲರ ಶುಲ್ಕ ಕಷ್ಟವೆನಿಸಿದರೆ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಅಲ್ಲಿ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100. ಹೋಗುವಾಗ ನೋಟಿಸಿನ ಎಲ್ಲ ಪುಟ, ಕವರ್, ಬಟವಾಡೆಯ ಪ್ರಿಂಟ್, ಸಾಲ ಅಥವಾ ಗುತ್ತಿಗೆಯ ಮೂಲ ಒಪ್ಪಂದ, ಇದುವರೆಗೆ ಹಣ ಕಟ್ಟಿದ ರಸೀದಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿಕೊಳ್ಳಿ. ಮೇಲೊಂದು ಹಾಳೆಯಲ್ಲಿ ನೋಟಿಸ್ ಕೈಗೆ ಬಂದ ದಿನ, ನೀವು ಲೆಕ್ಕ ಹಾಕಿದ ಕೊನೆಯ ದಿನ, ಎರಡರ್ಥವೆಂದು ಗೆರೆ ಎಳೆದ ಸಾಲುಗಳ ಪ್ಯಾರಾ ಸಂಖ್ಯೆ ಬರೆದಿಡಿ.